ನೀರು, ಗಂಜಿ, ಮರದ ಹಲಗೆ: ಜಪಾನಿ ಮರದಚ್ಚು ಚಿತ್ರವನ್ನು ಮನೆಯಲ್ಲೇ ಮುದ್ರಿಸುವ ಕ್ರಮ

ಜಪಾನಿನ ಮರದಚ್ಚು ಚಿತ್ರ ಎಂದಕೂಡಲೆ ಎಲ್ಲರೂ ಮೊದಲು ಮಾತಾಡುವುದು ಕೆತ್ತನೆಯ ಬಗ್ಗೆ. ಅಷ್ಟು ಸಣ್ಣ ಗೆರೆಗಳನ್ನು ಮರದಲ್ಲಿ ಉಳಿಸಿದ ಕೈಯನ್ನು ಮೆಚ್ಚಲೇಬೇಕು. ಆದರೆ ಹೊಸಬರ ಚಿತ್ರ ಕೆಡುವುದು ಬಹುಪಾಲು ಕೆತ್ತನೆಯಲ್ಲಲ್ಲ, ನೀರಿನಲ್ಲಿ. ಕಾಗದ ಎಷ್ಟು ತೇವವಿರಬೇಕು, ಹಲಗೆಯ ಮೇಲೆ ಎಷ್ಟು ನೀರು ಇರಬೇಕು, ಬ್ರಷ್ಷಿನಲ್ಲಿ ಎಷ್ಟು ಉಳಿಯಬೇಕು ಎಂಬುದು ಕೈಗೆ ಹತ್ತಿದರೆ ಸಾಧಾರಣ ಕೆತ್ತನೆಯಿಂದಲೂ ಒಳ್ಳೆಯ ಅಚ್ಚು ತೆಗೆಯಬಹುದು. ಅದು ಹತ್ತದಿದ್ದರೆ ಎಷ್ಟು ಚೆನ್ನಾಗಿ ಕೆತ್ತಿದ ಹಲಗೆಯೂ ಕಲೆಕಲೆಯ ಚಿತ್ರವನ್ನೇ ಕೊಡುತ್ತದೆ.

ಕಾರಣ ಇಷ್ಟೆ. ಯುರೋಪಿನ ಅಚ್ಚಿನಲ್ಲಿ ಎಣ್ಣೆಶಾಯಿಯನ್ನು ರೋಲರ್‌ನಿಂದ ಹಚ್ಚಿ ಪ್ರೆಸ್ಸಿನಲ್ಲಿ ಒತ್ತುತ್ತಾರೆ, ಶಾಯಿ ಕಾಗದದ ಮೇಲೆ ಕೂರುತ್ತದೆ. ಜಪಾನಿನಲ್ಲಿ ನೀರಿನ ಬಣ್ಣಕ್ಕೆ ಅಕ್ಕಿಗಂಜಿ ಸೇರಿಸಿ ಬ್ರಷ್ಷಿನಿಂದ ಹರಡುತ್ತಾರೆ, ತೇವದ ಕಾಗದವನ್ನು ಮೇಲಿಟ್ಟು ಬಾರೆನ್ ಎಂಬ ಬಿಲ್ಲೆಯಿಂದ ಬೆನ್ನು ಉಜ್ಜುತ್ತಾರೆ. ಬಣ್ಣ ಕಾಗದದ ನಾರಿನೊಳಗೆ ಇಳಿಯುತ್ತದೆ. ಜಪಾನಿ ಚಿತ್ರಕಾರರಾದ ಹೊಕುಸಾಯ್, ಹಿರೊಶಿಗೆ ಇವರ ಚಿತ್ರಗಳಲ್ಲಿ ನಾವು ಮೆಚ್ಚುವ ಆ ಮೃದುವಾದ ನೀಲಿ ಬಂದದ್ದು ಹೀಗೆ.

ಇಲ್ಲಿ ಹೇಳಿರುವುದು 15 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಚಿತ್ರಕ್ಕೆ: ಚಿತ್ರದ ಗೆರೆಗಳನ್ನಷ್ಟೇ ಮುದ್ರಿಸುವ ಒಂದು ಗೆರೆಹಲಗೆ, ಎರಡು ಬಣ್ಣದ ಹಲಗೆ. ಮೊದಲ ಪ್ರಯತ್ನಕ್ಕೆ ಇದಕ್ಕಿಂತ ದೊಡ್ಡದು ಬೇಡ. ಎಡೊ ಕಾಲದ ಸಾಮಾನ್ಯ ಅಳತೆಯಾದ ಓಬಾನ್, ಅಂದರೆ ಸುಮಾರು 39×26 ಸೆಂ.ಮೀ. ಕಾಗದವನ್ನು ಒಂದೇ ತೇವದಲ್ಲಿ ಇಟ್ಟುಕೊಳ್ಳಲು ನುರಿತ ಕೈಯೇ ಬೇಕು.

ನಾಲ್ವರ ಕೆಲಸ ಒಬ್ಬರಿಗೆ

ಎಡೊ ಕಾಲದಲ್ಲಿ (1603–1868) ಒಂದು ಚಿತ್ರದ ಹಿಂದೆ ನಾಲ್ವರು ಇರುತ್ತಿದ್ದರು. ಹಣ ಹಾಕಿ ಮಾರುವ ಪ್ರಕಾಶಕ ಹನ್ಮೊತೊ, ಬರೆಯುವವ ಎಶಿ, ಕೆತ್ತುವವ ಹೊರಿಶಿ, ಮುದ್ರಿಸುವವ ಸುರಿಶಿ. ಸುಮಾರು 1831ರಲ್ಲಿ ಹೊರಬಂದ, ಮೇಲೆದ್ದ ಕಡಲಲೆಯ ಚಿತ್ರ 'ಮಹಾ ಅಲೆ'ಯನ್ನು ಬರೆದವನು ಹೊಕುಸಾಯ್, ಪ್ರಕಟಿಸಿದವನು ನಿಶಿಮುರಾಯ ಯೊಹಾಚಿ. ಕೆತ್ತಿದವನ ಹೆಸರಾಗಲಿ ಮುದ್ರಿಸಿದವನ ಹೆಸರಾಗಲಿ ಅದರ ಮೇಲಿಲ್ಲ. 1904ರಲ್ಲಿ ಯಮಮೊತೊ ಕನಾಯೆ ತಾನೇ ಬರೆದು, ತಾನೇ ಕೆತ್ತಿ, ತಾನೇ ಮುದ್ರಿಸಿದ ಮೀನುಗಾರನ ಚಿತ್ರದಿಂದ ಇನ್ನೊಂದು ದಾರಿ ತೆರೆಯಿತು. ಮನೆಯಲ್ಲಿ ನಾವು ಹಿಡಿಯುವುದು ಆ ದಾರಿಯನ್ನೇ. ಆದ್ದರಿಂದ ಚಿತ್ರ ಬರೆಯುವಾಗಲೇ ಕೆತ್ತುವವನನ್ನೂ ಮುದ್ರಿಸುವವನನ್ನೂ ನೆನೆದುಕೊಳ್ಳಿ. ಅರ್ಧ ಮಿಲಿಮೀಟರ್ ಗೆರೆ ಪೆನ್ಸಿಲ್ಲಿಗೆ ಸುಲಭ, ಉಳಿಗೆ ಅಲ್ಲ.

ಸಾಮಾನು

ಹಲಗೆ: ಜಪಾನಿನಲ್ಲಿ ಬಳಸುತ್ತಿದ್ದುದು ಯಮಝಕುರ ಎಂಬ ಕಾಡುಚೆರ್ರಿ ಮರ. ಗಟ್ಟಿ, ನುಣುಪು ಎಳೆ, ನೀರು ಕುಡಿದರೂ ಹೆಚ್ಚು ಉಬ್ಬುವುದಿಲ್ಲ. ಹಲಗೆಯನ್ನು ಮರದ ಉದ್ದಕ್ಕೆ ಸೀಳಿರಬೇಕು, ಅಡ್ಡ ಕೊಯ್ದ ಬಿಲ್ಲೆ ಆಗದು. ಈಗ ಕಲಿಯುವವರು ಅಲ್ಲೂ ಶಿನಾ ಎಂಬ ಜಪಾನಿ ಮರದ ಪ್ಲೈವುಡ್ ಬಳಸುತ್ತಾರೆ. ಅದು ಸಿಗದಿದ್ದರೆ 6ರಿಂದ 9 ಮಿ.ಮೀ. ದಪ್ಪದ ಬರ್ಚ್ ಪ್ಲೈವುಡ್ ಆಗಬಹುದು. ತೇಗ ಬೇಡ, ಅದರ ರಂಧ್ರಗಳು ದೊಡ್ಡವು, ಸಮತಟ್ಟು ಬಣ್ಣದಲ್ಲಿ ಗೀರು ಕಾಣುತ್ತದೆ. ಪ್ಯಾಕಿಂಗ್ ಪ್ಲೈವುಡ್ಡಿನ ಮೇಲ್ಪದರ ಉಳಿ ತಗುಲಿದಲ್ಲೆಲ್ಲ ಸಿಬಿರೇಳುತ್ತದೆ. ಚನ್ನಪಟ್ಟಣದ ಗೊಂಬೆ ಮಾಡುವ ಹಾಲೆ ಮರ ನುಣುಪು ಎಳೆಯದೇ, ಆದರೆ ಅಗಲವಾದ ಹಲಗೆ ಸಿಗುವುದು ಕಷ್ಟ. 23×18 ಸೆಂ.ಮೀ. ಎರಡು ಹಲಗೆ ಸಾಕು. ಎರಡೂ ಬದಿ ಕೆತ್ತಿದರೆ ನಾಲ್ಕು ಮುಖ ಸಿಗುತ್ತವೆ, ನಾಲ್ಕನೆಯದು ಕೈ ಪಳಗಿಸಲಿಕ್ಕೆ.

ಉಳಿ: ಓರೆ ಅಲಗಿನ ಕೆತ್ತನೆ ಚಾಕು ಒಂದು, ಬಾಗಿದ ಬಾಯಿಯ ಉಳಿ 3 ಮತ್ತು 6 ಮಿ.ಮೀ.ನವು ಒಂದೊಂದು, ನೇರ ಬಾಯಿಯ ಚಪ್ಪಟೆ ಉಳಿ ಒಂದು. ಸಾಣೆಕಲ್ಲು ತಪ್ಪದೆ ಬೇಕು. ಹೆಚ್ಚು ಉಳಿ ಕೊಳ್ಳುವ ದುಡ್ಡಿನಲ್ಲಿ 1000 ಮತ್ತು 6000 ಗ್ರಿಟ್ಟಿನ ಕಲ್ಲು ಕೊಳ್ಳಿ. ಮೊಂಡು ಉಳಿ ಜಾರಿಯೇ ಕೈ ಕುಯ್ಯುವುದು.

ಬ್ರಷ್: ಕುದುರೆಕೂದಲಿನ ಬೂಟು ಪಾಲಿಶ್ ಬ್ರಷ್ ಮೂರು, ಪ್ರತಿ ಬಣ್ಣಕ್ಕೂ ಬೇರೆ. ಕೂದಲ ತುದಿ ಸೀಳಿ ಮೆದುವಾಗಿರಬೇಕು. ಜಪಾನಿನ ಮುದ್ರಕರು ಒಣಗಿದ ಶಾರ್ಕ್ ಚರ್ಮದ ಮೇಲೆ ಉಜ್ಜುತ್ತಿದ್ದರು. ಒದ್ದೆ ಮಾಡಿ ಒರಟು ಉಪ್ಪುಕಾಗದದ ಮೇಲೆ ಎಳೆದರೆ ಅದೇ ಕೆಲಸ ಆಗುತ್ತದೆ. ತುದಿ ಒರಟಾಗಿ ಉಳಿದರೆ ಬಣ್ಣದಲ್ಲಿ ಬ್ರಷ್ಷಿನ ಗೀರು ಮೂಡುತ್ತದೆ.

ಬಾರೆನ್: ಬಿದಿರ ಪೊರೆಯನ್ನು ಹುರಿಮಾಡಿ ಸುರುಳಿ ಸುತ್ತಿ, ಪದರಪದರ ಕಾಗದ ಅಂಟಿಸಿ ಅರಗಿನೆಣ್ಣೆ ಬಳಿದ ತಟ್ಟೆಗೆ ಕೂರಿಸಿ, ಮೇಲೆ ಇನ್ನೊಂದು ಬಿದಿರ ಪೊರೆ ಬಿಗಿದದ್ದು ಅಸಲು ಬಾರೆನ್. ಕಲಿಯಲು ಚಿತ್ರಸಾಮಗ್ರಿ ಅಂಗಡಿಯ ಅಗ್ಗದ ಬಾರೆನ್ ಸಾಕು. ಸ್ಟೀಲ್ ಚಮಚ ಗೆರೆಗೆ ನಡೆಯುತ್ತದೆ, ಅಗಲ ಬಣ್ಣಕ್ಕೆ ನಡೆಯುವುದಿಲ್ಲ, ಉಜ್ಜಿದ ಪಟ್ಟೆಗಳು ಉಳಿದುಬಿಡುತ್ತವೆ.

ಕಾಗದ: ಕೊಜೊ ಎಂಬ ಗಿಡದ ನಾರಿನ ಜಪಾನಿ ಕಾಗದ ಉತ್ತಮ. ಅದರ ನಾರು ಉದ್ದ, ಒದ್ದೆಯಾಗಿ ಹತ್ತು ಸಲ ಉಜ್ಜಿಸಿಕೊಂಡರೂ ಹರಿಯುವುದಿಲ್ಲ. ನೇಪಾಳದ ಲೋಕ್ತಾ ಕಾಗದವೂ ಆಗಬಹುದು. ಸೈಜಿಂಗ್ ಮಾಡಿದ್ದನ್ನೇ, ಅಂದರೆ ನೀರು ಬೇಗ ಹೀರದಂತೆ ಅಂಟು ಬಳಿದದ್ದನ್ನೇ ಕೊಳ್ಳಿ. ಜಪಾನಿನಲ್ಲಿ ಪ್ರಾಣಿಜನ್ಯ ಅಂಟು ಮತ್ತು ಪಟಿಕ ಬೆರೆಸಿದ ದೊಸಾ ಎಂಬ ದ್ರವ ಬಳಿಯುತ್ತಾರೆ. ಪರೀಕ್ಷೆ ಸುಲಭ: ಒಂದು ಹನಿ ನೀರು ಬಿಡಿ. ಹನಿ ಹಾಗೇ ನಿಂತರೆ ಸೈಜಿಂಗ್ ಇದೆ, ತಕ್ಷಣ ಹೀರಿದರೆ ಇಲ್ಲ, ಅದರಲ್ಲಿ ಬಣ್ಣ ಗೆರೆ ದಾಟಿ ಹಬ್ಬುತ್ತದೆ. 20×15 ಸೆಂ.ಮೀ.ನ ಹದಿನೈದು ಹಾಳೆ ಕತ್ತರಿಸಿ. ಒಂದು ಮೂಲೆ ಮಾತ್ರ ಕರಾರುವಾಕ್ಕಾಗಿ ಲಂಬಕೋನವಿರಲಿ, ಆ ಮೂಲೆಗೆ ಹಿಂಬದಿಯಲ್ಲಿ ಪೆನ್ಸಿಲ್ ಗುರುತು ಹಾಕಿ.

ಮೊದಲ ಹೆಜ್ಜೆ: ಚಿತ್ರ ಮತ್ತು ಕೆಂಟೊ

ಒಂದು ಗುಡ್ಡ, ಒಂದು ಮರ, ಮೇಲೆ ಆಕಾಶ, ಇಷ್ಟು ಸಾಕು. ಗೆರೆ 1 ಮಿ.ಮೀ.ಗಿಂತ ಸಣ್ಣದಾಗದಿರಲಿ. 'ಮಹಾ ಅಲೆ'ಯ ನಕಲಿನಿಂದ ಆರಂಭಿಸಬೇಡಿ. ಅದರ ನೊರೆಯ ಉಗುರುಗಳು ಒಂದೊಂದೂ ಬಿಡಿಯಾಗಿ ನಿಂತ ಮರದ ಚೂರುಗಳು, ಹೊಸ ಕೈಯಲ್ಲಿ ಮುರಿಯುತ್ತವೆ.

ಜಪಾನಿ ಪದ್ಧತಿಯಲ್ಲಿ ತೆಳುಕಾಗದದ ಮೇಲೆ ಬರೆದ ಚಿತ್ರವನ್ನು (ಹನ್‌ಶಿತಾ) ಮುಖ ಕೆಳಗಾಗಿ ಹಲಗೆಗೆ ಅಂಟಿಸಿ, ಬೆರಳಿನಿಂದ ಹಿಂಬದಿಯ ನಾರನ್ನು ಉರುಳಿಸಿ ತೆಗೆದು, ಅದರ ಮೂಲಕವೇ ಕೆತ್ತುತ್ತಾರೆ. ಮೂಲಚಿತ್ರ ಅಲ್ಲಿಗೆ ಮುಗಿಯಿತು. ಎಡೊ ಚಿತ್ರಗಳ ಕೈಬರಹದ ಮೂಲಗಳು ಅಪರೂಪವಾಗಲು ಇದೇ ಕಾರಣ. ಹೊಕುಸಾಯ್‌ನ 103 ಸಣ್ಣ ಮೂಲಚಿತ್ರಗಳು ಉಳಿದು 2020ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿದ್ದು, ಅವು ಸೇರಬೇಕಿದ್ದ ಪುಸ್ತಕ ಅಚ್ಚಾಗದೇ ಹೋದದ್ದರಿಂದ. ಮನೆಯಲ್ಲಿ ಟ್ರೇಸಿಂಗ್ ಕಾಗದವನ್ನು ಮಗುಚಿಟ್ಟು, ಕೆಳಗೆ ಕಾರ್ಬನ್ ಹಾಕಿ ತಿದ್ದಿದರೂ ಸಾಕು. ಮಗುಚುವುದನ್ನು ಮರೆತರೆ ಚಿತ್ರ ಎಡಬಲ ತಿರುಗಿ ಬರುತ್ತದೆ.

ಈಗ ಕೆಂಟೊ. ಪ್ರತಿ ಹಲಗೆಯಲ್ಲೂ ಕಾಗದ ಒಂದೇ ಜಾಗದಲ್ಲಿ ಕೂರುವಂತೆ ಮಾಡುವ ಎರಡು ಗುರುತು ಇವು. 1765ರಲ್ಲಿ ಸುಜುಕಿ ಹರುನೊಬು ಮತ್ತು ಅವನ ಕಾಲದ ಕುಶಲಕರ್ಮಿಗಳು ಎರಡು ಮೂರು ಬಣ್ಣದ ಮಿತಿ ದಾಟಿ ಹಲವು ಬಣ್ಣಗಳ ನಿಶಿಕಿ-ಎ ತೆಗೆದಾಗ, ಅದಕ್ಕೆ ಆಧಾರವಾಗಿ ನಿಂತದ್ದು ಈ ಎರಡು ಕಚ್ಚು ಮತ್ತು ಗಟ್ಟಿ ಕಾಗದ. ಬಲ ಕೆಳಮೂಲೆಯಲ್ಲಿ ಮೂಲೆಯಾಕಾರದ ಕಾಗಿ: ಎರಡು ತೋಳೂ 1.5 ಸೆಂ.ಮೀ., ಚಿತ್ರದ ಅಂಚಿನಿಂದ 2.5 ಸೆಂ.ಮೀ. ದೂರ. ಅದೇ ಕೆಳ ಅಂಚಿನ ಸಾಲಿನಲ್ಲಿ, ಕಾಗಿಯಿಂದ 12–13 ಸೆಂ.ಮೀ. ಎಡಕ್ಕೆ, 3 ಸೆಂ.ಮೀ. ಉದ್ದದ ನೇರ ಕಚ್ಚು ಹಿಕಿತ್ಸುಕೆ. ಗೆರೆಯ ಮೇಲೆ ಚಪ್ಪಟೆ ಉಳಿಯನ್ನು ನೆಟ್ಟಗೆ ಇಳಿಸಿ, ಆಮೇಲೆ ಚಿತ್ರದ ಕಡೆಯಿಂದ ಇಳಿಜಾರಾಗಿ 1 ಮಿ.ಮೀ. ಆಳಕ್ಕೆ ಮರ ತೆಗೆಯಿರಿ. ಕಾಗದದ ಅಂಚು ಆ ನೆಟ್ಟ ಗೋಡೆಗೆ ತಾಗಿ ನಿಲ್ಲಬೇಕು. ಗೋಡೆ ಓರೆಯಾದರೆ ಕಾಗದ ಹತ್ತಿಬಿಡುತ್ತದೆ, ಮುಂದೆ ಯಾವ ಬಣ್ಣವೂ ಕೂಡುವುದಿಲ್ಲ. ಎಡಗೈಯವರು ಎರಡನ್ನೂ ತಿರುಗಿಸಿಕೊಳ್ಳಿ.

ಕೆತ್ತನೆ

ಮೊದಲು ಚಾಕು, ಆಮೇಲೆ ಉಳಿ. ಚಾಕುವನ್ನು ಮುಷ್ಟಿಯಲ್ಲಿ ನೆಟ್ಟಗೆ ಹಿಡಿದು, ಇನ್ನೊಂದು ಕೈಯ ಬೆರಳನ್ನು ಅಲಗಿನ ಬದಿಗೆ ಒತ್ತುಕೊಟ್ಟು ನಿಮ್ಮ ಕಡೆಗೆ ಎಳೆಯಿರಿ. ಅಲಗು ಗೆರೆಯಿಂದ ಹೊರಕ್ಕೆ ಓರೆಯಾಗಿ ಇಳಿಯಬೇಕು, ಆಗ ಗೆರೆಯ ಬುಡ ಅಗಲವಾಗಿ ನಿಲ್ಲುತ್ತದೆ. ನೆಟ್ಟಗೆ ಅಥವಾ ಒಳಕ್ಕೆ ಇಳಿದರೆ ಬುಡ ಸವೆದು, ಉಜ್ಜುವಾಗ ಗೆರೆ ಕಿತ್ತುಬರುತ್ತದೆ. ಗೆರೆಯ ಎರಡೂ ಬದಿ ಹೀಗೆ ಕೊಯ್ದ ಮೇಲೆ, 2–3 ಮಿ.ಮೀ. ದೂರದಿಂದ ಎದುರು ಓರೆಯಲ್ಲಿ ಇನ್ನೊಂದು ಕೊಯ್ತ. ನಡುವಿನ ಮರ ಎಳೆಯಾಗಿ ಬಿಟ್ಟುಬರುತ್ತದೆ. ಉಳಿದ ಬಯಲನ್ನು ಬಾಗಿದ ಉಳಿಯಿಂದ ತೆಗೆಯಿರಿ. ಉಳಿಯ ಮುಂದೆ ಕೈ ಎಂದೂ ಇರಬಾರದು. ಹಲಗೆ ಸರಿಯದಂತೆ ಮೇಜಿಗೆ ಒಂದು ಪಟ್ಟಿ ಅಡ್ಡ ಬಿಗಿಯಿರಿ.

ಆಳದ ಲೆಕ್ಕ ಹೀಗೆ: ಗೆರೆಗಳು ಒತ್ತಾಗಿರುವಲ್ಲಿ 1 ಮಿ.ಮೀ. ಸಾಕು. ಬಯಲು ಅಗಲವಾದಷ್ಟೂ ಆಳ ಹೆಚ್ಚಬೇಕು, ಗಟ್ಟಿ ಹಲಗೆಯಲ್ಲಿ 3–4 ಮಿ.ಮೀ.ವರೆಗೆ. ಒದ್ದೆ ಕಾಗದ ಬಯಲಿನಲ್ಲಿ ಜೋತುಬಿದ್ದು ತಳದ ಬಣ್ಣ ಮೆತ್ತಿಕೊಳ್ಳುವುದು ಬಹಳ ಸಾಮಾನ್ಯ. ಎರಡೂ ಬದಿ ಕೆತ್ತುವ 6 ಮಿ.ಮೀ. ಪ್ಲೈವುಡ್ಡಿನಲ್ಲಿ 2 ಮಿ.ಮೀ. ದಾಟಬೇಡಿ, ಬಯಲಿಗೆ ಬಣ್ಣ ಬಿದ್ದರೆ ಬಟ್ಟೆಯಿಂದ ಒರೆಸಿ.

ಬಣ್ಣದ ಹಲಗೆಗಳನ್ನು ಮೂಲಚಿತ್ರದಿಂದ ತಿದ್ದಬೇಡಿ. ಗೆರೆಹಲಗೆಯಿಂದಲೇ, ಕೆಂಟೊ ಕಚ್ಚುಗಳಿಗೂ ಬಣ್ಣ ಹಚ್ಚಿ, ತೆಳುಕಾಗದದ ಮೇಲೆ ಎರಡು ಅಚ್ಚು ತೆಗೆಯಿರಿ. ಅವನ್ನು ಗಂಜಿಯಿಂದ ಮುಖ ಕೆಳಗಾಗಿ ಉಳಿದ ಎರಡು ಮುಖಗಳಿಗೆ ಅಂಟಿಸಿ, ಒಣಗಿದ ಮೇಲೆ ಬಣ್ಣದ ಭಾಗವನ್ನೂ ಕೆಂಟೊವನ್ನೂ ಆ ಅಚ್ಚಿನಿಂದಲೇ ಕೆತ್ತಿ. ಗೆರೆಹಲಗೆಯಲ್ಲಿ ಆದ ಸಣ್ಣ ಓರೆಕೋರೆಗಳೆಲ್ಲ ಹಾಗೇ ದಾಟಿಬರುವುದರಿಂದ ಬಣ್ಣ ಗೆರೆಗೆ ಸರಿಯಾಗಿ ಹೊಂದುತ್ತದೆ. ಬಣ್ಣದ ಅಂಚು ಗೆರೆಯ ಅರ್ಧ ದಪ್ಪದವರೆಗೆ ಒಳಹೋಗಿರಲಿ, ಸ್ವಲ್ಪ ಸರಿದರೂ ಬಿಳಿ ಸೀಳು ಕಾಣುವುದಿಲ್ಲ.

ಹಿಂದಿನ ಸಂಜೆ: ಕಾಗದ ಮತ್ತು ಗಂಜಿ

ಮುದ್ರಿಸುವ ಹಿಂದಿನ ಸಂಜೆಯೇ ಕಾಗದ ತೇವಕ್ಕಿಡಬೇಕು. ಒದ್ದೆ ಮಾಡಿ ಹಿಂಡಿದ ಬ್ಲಾಟಿಂಗ್ ಹಾಳೆ ಒಂದು, ಅದರ ಮೇಲೆ ಮುದ್ರಿಸುವ ಕಾಗದ ಎರಡು, ಮತ್ತೆ ಬ್ಲಾಟಿಂಗ್, ಹೀಗೆ ಪೇರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೊಂದು ಹಲಗೆ ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಾಳೆಯನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿರಬೇಕು, ಬಳುಕಬೇಕು, ಬೆಳಕಿಗೆ ಓರೆ ಹಿಡಿದರೆ ಎಲ್ಲೂ ನೀರು ಹೊಳೆಯಬಾರದು. ಹೊಳೆದರೆ ಒಣ ಬ್ಲಾಟಿಂಗಿನ ನಡುವೆ ಹತ್ತು ನಿಮಿಷ ಇಡಿ.

ಒದ್ದೆಯಾದ ಕಾಗದ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮೊದಲ ಬಣ್ಣ ಒಂದು ತೇವದಲ್ಲಿ, ಎರಡನೆಯದು ಇನ್ನೊಂದು ತೇವದಲ್ಲಿ ಬಿದ್ದರೆ ಕೆಂಟೊ ಎಷ್ಟು ಸರಿಯಿದ್ದರೂ ಬಣ್ಣ ಸರಿದೇ ಸರಿಯುತ್ತದೆ. ಹೊಸಬರು ಕೆಂಟೊವನ್ನೇ ತಿದ್ದಲು ಹೋಗುತ್ತಾರೆ, ದೋಷವಿರುವುದು ಕಾಗದದಲ್ಲಿ. ಮುದ್ರಿಸಿದ ಹಾಳೆಯನ್ನು ತಕ್ಷಣ ಮತ್ತೆ ತೇವದ ಕಟ್ಟಿಗೆ ಸೇರಿಸಿ. ಬೆಂಗಳೂರಿನ ಮಾರ್ಚ್ ಬಿಸಿಲಲ್ಲಿ ಫ್ಯಾನ್ ಹಾಕಿಕೊಂಡು ಈ ಕೆಲಸ ಆಗದು. ಕರಾವಳಿಯ ಮಳೆಗಾಲದಲ್ಲಿ ತೇವ ಚೆನ್ನಾಗಿ ನಿಲ್ಲುತ್ತದೆ, ಆದರೆ ಕಟ್ಟನ್ನು ಎರಡು ದಿನಕ್ಕಿಂತ ಹೆಚ್ಚು ಇಟ್ಟರೆ ಬೂಷ್ಟು ಹಿಡಿಯುತ್ತದೆ.

ಗಂಜಿಗೆ ಒಂದು ಚಮಚ ನುಣ್ಣನೆ ಅಕ್ಕಿಹಿಟ್ಟು, ಆರು ಚಮಚ ನೀರು. ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳುಪು ಹೋಗಿ ಅರೆಪಾರದರ್ಶಕವಾದಾಗ ಇಳಿಸಿ, ತೆಳುಬಟ್ಟೆಯಲ್ಲಿ ಸೋಸಿ. ಆರಿದ ಮೇಲೆ ದೋಸೆಹಿಟ್ಟಿಗಿಂತ ತುಸು ಗಟ್ಟಿಯಿರಬೇಕು. ಉಪ್ಪು, ಎಣ್ಣೆ ಏನೂ ಬೇಡ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ.

ಮುದ್ರಣ

ಬಣ್ಣಕ್ಕೆ ಟ್ಯೂಬಿನ ಜಲವರ್ಣ ಸಾಕು: ಗೆರೆಗೆ ಕಪ್ಪು ಅಥವಾ ಕಡುನೀಲಿ, ಗುಡ್ಡಕ್ಕೆ ಹಸಿರು, ಆಕಾಶಕ್ಕೆ ಪ್ರಶ್ಯನ್ ನೀಲಿ. ಈ ಪ್ರಶ್ಯನ್ ನೀಲಿ ಹೊರದೇಶದಿಂದ ಬಂದು ಅಗ್ಗವಾಗಿದ್ದರಿಂದಲೇ ಹೊಕುಸಾಯ್‌ನ 'ಫ್ಯೂಜಿಯ ಮೂವತ್ತಾರು ನೋಟಗಳು' ಆ ರೂಪದಲ್ಲಿ ಬಂದವು. ಹೆಸರಿಗೆ ಮೂವತ್ತಾರಾದರೂ ಒಟ್ಟು 46 ಚಿತ್ರಗಳು. ಮೊದಲ ಮೂವತ್ತಾರರಲ್ಲಿ ಗೆರೆಯೂ ನೀಲಿಯೇ, ಆಮೇಲೆ ಸೇರಿಸಿದ ಹತ್ತರಲ್ಲಿ ಕಪ್ಪು. ನೀಲಿ ಗೆರೆ ಚಿತ್ರವನ್ನು ಎಷ್ಟು ಹಗುರ ಮಾಡುತ್ತದೆ ಎಂಬುದನ್ನು ನೀವೂ ಒಂದು ಹಾಳೆಯಲ್ಲಿ ನೋಡಿ.

ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಐದು ನಿಮಿಷ ಬಿಡಿ. ಒಣ ಮರ ಬಣ್ಣದ ನೀರನ್ನೆಲ್ಲ ಕುಡಿದುಬಿಡುತ್ತದೆ. ಕೆತ್ತಿ ಉಳಿಸಿದ ಭಾಗದ ಮೇಲೆ ಎರಡು ಮೂರು ಕಡೆ ಬಣ್ಣ ಇಡಿ, ಪಕ್ಕದಲ್ಲಿ ಕಡಲೆಕಾಳಿನಷ್ಟು ಗಂಜಿ. ಬ್ರಷ್ಷಿನಿಂದ ಸುತ್ತುಸುತ್ತಾಗಿ ಬೆರೆಸಿ ಹರಡಿ, ಕೊನೆಗೆ ಮರದ ಎಳೆಯ ದಿಕ್ಕಿನಲ್ಲಿ ಹಗುರವಾಗಿ ಎರಡು ಸಲ ಎಳೆಯಿರಿ. ಮೇಲ್ಮೈ ಮಂದವಾಗಿ ಮಿನುಗಬೇಕು, ಎಲ್ಲೂ ಮಡುವು ನಿಲ್ಲಬಾರದು. ಅಂಚಿನಲ್ಲಿ ಬಣ್ಣ ಗಟ್ಟಿದರೆ ಅಚ್ಚಿನಲ್ಲಿ ಕಪ್ಪು ಅಂಚಾಗಿ ಕಾಣುತ್ತದೆ.

ಗುರುತು ಹಾಕಿದ ಮೂಲೆಯನ್ನು ಬಲಗೈಯಲ್ಲಿ ಕಾಗಿಗೆ ಕೂರಿಸಿ, ಹೆಬ್ಬೆರಳಿನಿಂದ ಒತ್ತಿಹಿಡಿದು, ಎಡಗೈಯಿಂದ ಅಂಚನ್ನು ಹಿಕಿತ್ಸುಕೆಗೆ ತಾಗಿಸಿ. ಎರಡೂ ಸರಿ ಕೂತ ಮೇಲಷ್ಟೇ ಉಳಿದ ಹಾಳೆಯನ್ನು ಇಳಿಬಿಡಿ. ಮೇಲೆ ಬೇಕಿಂಗ್ ಕಾಗದ ಹಾಸಿ ಬಾರೆನ್ ಉಜ್ಜಿ: ಮೊದಲು ಹಗುರವಾಗಿ ಇಡೀ ಹಾಳೆ, ಆಮೇಲೆ ಭುಜದಿಂದ ಭಾರ ಕೊಟ್ಟು ಒತ್ತುಒತ್ತಾಗಿ ಹಿಂದೆಮುಂದೆ. ಮಣಿಕಟ್ಟಿನ ಬಲ ಸಾಲದು, ನಿಂತು ಮಾಡಿದರೆ ಸುಲಭ. ಮೊದಲ ಮೂರು ನಾಲ್ಕು ಹಾಳೆ ಪೇಲವವಾಗಿ ಬರುತ್ತವೆ, ಮರ ಬಣ್ಣ ಕುಡಿಯುತ್ತಿರುತ್ತದೆ. ಅವಕ್ಕೆ ಹಳೆಯ ಕಾಗದ ಬಳಸಿ.

ಸಾಂಪ್ರದಾಯಿಕ ಕ್ರಮದಲ್ಲಿ ಗೆರೆಹಲಗೆ ಮೊದಲು. ಎಲ್ಲ ಹಾಳೆಗೂ ಗೆರೆ ಬಿದ್ದ ಮೇಲೆ ಹಸಿರು, ಕೊನೆಗೆ ಆಕಾಶ.

ಆಕಾಶಕ್ಕೆ ಬೊಕಾಶಿ ಮಾಡಿ, ಅಂದರೆ ಮೇಲೆ ಕಡುವಾಗಿ ಶುರುವಾಗಿ ಕೆಳಗೆ ಮಾಯವಾಗುವ ಬಣ್ಣ. ಹಿರೊಶಿಗೆಯ ಬಹುತೇಕ ನಿಸರ್ಗಚಿತ್ರಗಳ ನೆತ್ತಿಯಲ್ಲಿ ಇರುವ ನೀಲಿಪಟ್ಟಿ ಇದೇ. ಇದನ್ನು ಕೆತ್ತಲಾಗದು. ಸಮತಟ್ಟಾದ ಹಲಗೆಯ ಮೇಲೆ ಸುರಿಶಿ ಪ್ರತಿ ಹಾಳೆಗೂ ಹೊಸದಾಗಿ ಮಾಡಬೇಕು. ಒಂದೇ ಹಲಗೆಯ ಎರಡು ಅಚ್ಚಿನಲ್ಲಿ ಆಕಾಶ ಬೇರೆಬೇರೆ ಇರುವುದು ಅದಕ್ಕೇ. ಆಕಾಶದ ಹಲಗೆಯ ಕೆಳಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಒರೆಸಿ. ಬ್ರಷ್ಷನ್ನು ಪೂರ್ತಿ ತೇವಗೊಳಿಸಿ ಕೊಡವಿ, ಒಂದು ಮೂಲೆಗೆ ಮಾತ್ರ ಬಣ್ಣ ಮತ್ತು ಗಂಜಿ ತಗುಲಿಸಿ. ಬಣ್ಣದ ಮೂಲೆ ಮೇಲಂಚಿನ ಕಡೆಗಿರುವಂತೆ, ಹಲಗೆಯ ಅಗಲಕ್ಕೆ ಅತ್ತಿತ್ತ ಎಳೆಯುತ್ತ ಒಂದೊಂದು ಎಳೆತಕ್ಕೂ ಕೂದಲೆಳೆಯಷ್ಟು ಕೆಳಗೆ ಸರಿಯಿರಿ. ಬಣ್ಣ ತಾನಾಗಿ ನೀರಿನಲ್ಲಿ ಕರಗಿ ತೆಳುವಾಗುತ್ತದೆ. ನಡುವೆ ಗೆರೆ ಬಿದ್ದಂತೆ ನಿಂತರೆ ಕೆಳಗೆ ನೀರು ಸಾಲದು. ಇಡೀ ಹಲಗೆ ನೀಲಿಯಾದರೆ ಬ್ರಷ್ ತುಂಬ ಬಣ್ಣ ಹಿಡಿದಿದೆ, ತೊಳೆದು ಮತ್ತೆ ಆರಂಭಿಸಿ. ಒಂದೇ ಸಲಕ್ಕೆ ಕಡುಬಣ್ಣ ತೆಗೆಯಲು ಹೋಗಬೇಡಿ. ಅದೇ ಹಾಳೆಗೆ ಎರಡು ಮೂರು ಸಲ ತೆಳುವಾಗಿ ಮುದ್ರಿಸಿದರೆ ಬರುವ ಆಳ ಒಂದು ದಪ್ಪ ಪದರದಲ್ಲಿ ಬರುವುದಿಲ್ಲ.

ಕೆಟ್ಟದ್ದನ್ನು ಓದುವುದು

ಬಣ್ಣದಲ್ಲಿ ಸಣ್ಣ ಬಿಳಿ ಚುಕ್ಕಿಗಳು ಬಂದರೆ ಗಂಜಿ ಕಡಿಮೆ, ಅಥವಾ ಕಾಗದ ಒಣಗಿದೆ, ಅಥವಾ ಒತ್ತಡ ಸಾಲದು. ಇದಕ್ಕೆ ಗೊಮಾಜುರಿ ಎನ್ನುತ್ತಾರೆ, ಮುದ್ರಕರು ಬೇಕೆಂದೇ ತರಿಸುವುದೂ ಉಂಟು. ಗೆರೆಯ ಅಂಚು ಹಬ್ಬಿದರೆ ನೀರು ಹೆಚ್ಚು. ಗೆರೆಗಳ ನಡುವಿನ ಸಂದು ತುಂಬಿದರೆ ಬಣ್ಣ ಹೆಚ್ಚು, ಬ್ರಷ್ಷನ್ನು ಬಟ್ಟೆಯ ಮೇಲೆ ಒಮ್ಮೆ ಎಳೆದು ಮುಂದುವರಿಯಿರಿ. ಕಾಗದ ಹಲಗೆಗೆ ಅಂಟಿ ನಾರು ಕಿತ್ತರೆ ಗಂಜಿ ಹೆಚ್ಚಾಗಿದೆ, ಇಲ್ಲವೇ ನೀವು ನಿಧಾನವಾದಿರಿ. ಬಣ್ಣ ಹಚ್ಚಿ ಅರ್ಧ ನಿಮಿಷದೊಳಗೆ ಕಾಗದ ಇಡಬೇಕು.

ಈ ಕೈಗಾರಿಕೆ ಹೊರಗಿನವರಿಗೆ ಏನು ಕೊಟ್ಟಿತು

ಒಂದು ಹಾಳೆ ಸ್ವತಃ ಮುದ್ರಿಸಿದ ಮೇಲೆ ಯುರೋಪಿನವರು ಬೆರಗಾದದ್ದು ಯಾವುದಕ್ಕೆ ಎಂದು ಸ್ಪಷ್ಟವಾಗುತ್ತದೆ. ನೆರಳಿಲ್ಲದ ಸಮತಟ್ಟು ಬಣ್ಣ, ಅದನ್ನು ಕಟ್ಟಿಹಿಡಿಯುವ ಗೆರೆ, ಚೌಕಟ್ಟು ಕತ್ತರಿಸಿಬಿಟ್ಟ ವಸ್ತು. ಮೊದಲಿನ ಎರಡೂ ಹಲಗೆಯ ಸ್ವಭಾವದಿಂದಲೇ ಬಂದವು. ವಾನ್ ಗೋ 1887ರಲ್ಲಿ ಹಿರೊಶಿಗೆಯ ಎರಡು ಚಿತ್ರಗಳನ್ನು, ಕಮೆಯಿಡೊದ ಹೂಬಿಟ್ಟ ಪ್ಲಮ್ ಮರವನ್ನೂ ಸೇತುವೆಯ ಮೇಲಿನ ಮಳೆಯನ್ನೂ, ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ಮೂಲದಲ್ಲಿ ಕಾಗದದೊಳಗೆ ಇಳಿದ ಬಣ್ಣ ಅವನಲ್ಲಿ ದಪ್ಪಗೆ ಮೇಲೆದ್ದು ನಿಂತಿದೆ. ಅಮೆರಿಕದ ಚಿತ್ರಕಾರ್ತಿ ಮೇರಿ ಕ್ಯಾಸಟ್ 1890ರಲ್ಲಿ ಪ್ಯಾರಿಸ್ಸಿನಲ್ಲಿ ಜಪಾನಿ ಅಚ್ಚುಗಳ ದೊಡ್ಡ ಪ್ರದರ್ಶನ ನೋಡಿ, ಮುಂದಿನ ವರ್ಷದೊಳಗೆ ಹತ್ತು ಬಣ್ಣದ ಅಚ್ಚುಗಳನ್ನು ಮಾಡಿದಳು, ಆದರೆ ತಾಮ್ರದ ತಗಡಿನಲ್ಲಿ. ಜಪಾನಿ ಗುಣಕ್ಕೆ ಹೆಚ್ಚು ಹತ್ತಿರ ಹೋದವಳು ಅವಳೇ ಎನ್ನಬೇಕು. ಬಣ್ಣದ ತಗಡುಗಳನ್ನು ಹೊಂದಿಸುವ ಕಷ್ಟವನ್ನು ಅವಳು ತಾನೇ ಪಟ್ಟಿದ್ದಳು. ಫ್ರೆಂಚ್ ಸಂಗೀತಕಾರ ದೆಬ್ಯುಸಿಯ 'ಲಾ ಮೇರ್' (ಕಡಲು) ಕೃತಿಯ ಸ್ವರಲಿಪಿ 1905ರಲ್ಲಿ ಅಚ್ಚಾದಾಗ ಮುಖಪುಟಕ್ಕೆ ಬಂದದ್ದು ಹೊಕುಸಾಯ್‌ನ ಅಲೆ. 2024ರ ಜುಲೈನಲ್ಲಿ ಚಲಾವಣೆಗೆ ಬಂದ ಜಪಾನಿನ 1000 ಯೆನ್ ನೋಟಿನ ಹಿಂಬದಿಯಲ್ಲೂ ಅದೇ ಇದೆ. ಭಾರತಕ್ಕೆ ಬಂದುಹೋದ ಜಪಾನಿ ಚಿತ್ರಕಾರ ಯೊಶಿದಾ ಹಿರೊಶಿ 1930ರ ದಶಕದ ಆರಂಭದಲ್ಲಿ ತಾಜ್‌ಮಹಲ್, ಮಧುರೆಯ ದೇಗುಲಗಳನ್ನು ಇದೇ ಪದ್ಧತಿಯಲ್ಲಿ ಮುದ್ರಿಸಿದ. ನಮ್ಮ ಬೆಳಕಿಗೆ ಈ ಬೊಕಾಶಿ ಹೇಗೆ ಹೊಂದುತ್ತದೆ ಎಂದು ನೋಡಬೇಕಾದವರು ಅವನ ಬೆಳಗು ಮತ್ತು ರಾತ್ರಿಗಳ ತಾಜ್‌ಮಹಲನ್ನು ಅಕ್ಕಪಕ್ಕ ಇಟ್ಟು ನೋಡಿ.

ವಸ್ತುಸಂಗ್ರಹಾಲಯಗಳ ಜಾಲತಾಣದಲ್ಲಿ 'ಮಹಾ ಅಲೆ'ಯ ಬೇರೆಬೇರೆ ಪ್ರತಿಗಳನ್ನು ದೊಡ್ಡದು ಮಾಡಿ, ಎಡಮೇಲಿನ ಹೆಸರಿನ ಚೌಕವನ್ನು ಗಮನಿಸಿ. ತಡವಾಗಿ ಮುದ್ರಿಸಿದ ಪ್ರತಿಗಳಲ್ಲಿ ಚೌಕದ ಗೆರೆ ಅಲ್ಲಲ್ಲಿ ಕಡಿದಿದೆ. ಉಜ್ಜಿ ಉಜ್ಜಿ ಮರ ಸವೆದ ಗುರುತು ಅದು.

ಒಣಗಿಸುವುದು, ಕಾಪಿಡುವುದು

ಮುಗಿದ ಹಾಳೆಗಳನ್ನು ಬಿಡುಗಾಳಿಗೆ ಹಾಕಿದರೆ ಸುಕ್ಕಾಗುತ್ತವೆ. ಒಣ ಬ್ಲಾಟಿಂಗಿನ ನಡುವೆ ಇಟ್ಟು, ಮೇಲೆ ಹಲಗೆ ಮತ್ತು ಭಾರ ಹೇರಿ. ಮೊದಲ ದಿನ ಎರಡು ಸಲ, ಆಮೇಲೆ ದಿನಕ್ಕೊಮ್ಮೆ ಬ್ಲಾಟಿಂಗ್ ಬದಲಿಸಿ, ಮೂರನೆಯ ದಿನ ತೆಗೆಯಿರಿ. ಗೋಡೆಗೆ ಹಾಕುವುದಾದರೆ ಬಿಸಿಲು ತಾಗದ ಗೋಡೆ ನೋಡಿ. ಕುಸುಬೆ ಹೂವಿನ ಕೆಂಪು, ಅರಿಸಿನದ ಹಳದಿ ಬಳಸಿದ ಎಡೊ ಚಿತ್ರಗಳು ಬೆಳಕಿಗೆ ಎಷ್ಟು ಮಾಸಿವೆಯೆಂದರೆ, ಸಂಗ್ರಹಾಲಯಗಳು ಅವನ್ನು ಮಂದ ಬೆಳಕಿನಲ್ಲಿ ಕೆಲವೇ ತಿಂಗಳು ತೋರಿಸಿ ಒಳಗಿಡುತ್ತವೆ.

ಹಲಗೆಗಳಿಗೆ ಸೋಪು ಬೇಡ. ತಣ್ಣೀರು, ಮೆದು ಬ್ರಷ್‌ನಿಂದ ಗಂಜಿಯ ಅಂಶ ಪೂರ್ತಿ ಹೋಗುವಂತೆ ತೊಳೆಯಿರಿ, ಉಳಿದರೆ ಜಿರಲೆಯೂ ಬೂಷ್ಟೂ ಬರುತ್ತವೆ. ಅಂಚಿನ ಮೇಲೆ ನಿಲ್ಲಿಸಿ, ಎರಡೂ ಮುಖಕ್ಕೆ ಸಮನಾಗಿ ಗಾಳಿಯಾಡುವಂತೆ ನೆರಳಲ್ಲಿ ಒಣಗಿಸಿ. ಮಲಗಿಸಿ ಒಣಗಿಸಿದರೆ ಒಂದು ಬದಿ ಬೇಗ ಒಣಗಿ ಹಲಗೆ ಬಾಗುತ್ತದೆ, ಬಾಗಿದ ಹಲಗೆಯಲ್ಲಿ ಕಾಗದ ಮತ್ತೆ ಸಮನಾಗಿ ಕೂರುವುದಿಲ್ಲ.